ಲಿಂಕನ್ ಮಂದಿರದ ಮೆಟ್ಟಿಲುಗಳ ಮೇಲೆ ಒಂದು ಗಾನಸಭೆ

ಸಂಗೀತ ಕಚೇರಿಗೆ ಹೊರಡುವ ಗೃಹಸ್ಥನು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸುವನು: ಹಾಡುವವರು ಯಾರು, ಪಕ್ಕವಾದ್ಯದವರು ಯಾರು, ಆರಂಭ ಎಷ್ಟು ಗಂಟೆಗೆ. ಕಚೇರಿ ನಡೆಯುವ ಮಂಟಪವು ಯಾರ ಸ್ವತ್ತು, ಅದರ ವೇದಿಕೆಯನ್ನು ಹತ್ತುವುದಕ್ಕೆ ಯಾರಿಗೆ ಅನುಮತಿಯುಂಟು, ಒಳಗೆ ಹೋದವರಲ್ಲಿ ಯಾರು ಯಾವ ಸಾಲಿನಲ್ಲಿ ಕುಳಿತುಕೊಳ್ಳಬೇಕು ಎಂಬ ಪ್ರಶ್ನೆಗಳು ಅವನ ಮನಸ್ಸಿಗೆ ಹೊಳೆಯುವುದು ವಿರಳ. ಆ ಪ್ರಶ್ನೆಗಳು ಮೊದಲು ಹೊಳೆಯುವುದು ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವರಿಗೆ. ‘ಸಭಾ’ ಎಂಬ ಶಬ್ದಕ್ಕೆ ನಮ್ಮ ಪಂಡಿತರು ‘ಎಲ್ಲಿ ಜನರು ಒಟ್ಟಾಗಿ ಬೆಳಗುವರೋ ಅದು’ ಎಂದು ವ್ಯುತ್ಪತ್ತಿಯನ್ನು ಹೇಳುವುದುಂಟು. ‘ಸಹ’ ಎಂಬುದೂ ‘ಭಾ’ ಎಂಬ ಧಾತುವೂ ಸೇರಿ ಆದ ಶಬ್ದವದು. ಈ ವ್ಯುತ್ಪತ್ತಿಯ ಪ್ರಾಣವಿರುವುದು ‘ಸಹ’ ಎಂಬಲ್ಲಿ. ಅಮೆರಿಕಾ ದೇಶದಲ್ಲಿ ಒಬ್ಬ ಗಾಯಕಿಯು ಆ ಎರಡಕ್ಷರಕ್ಕಾಗಿ ತನ್ನ ಕಚೇರಿಗಳನ್ನೇ ಸಾಧನವಾಗಿ ಮಾಡಿಕೊಂಡ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಆಕೆಯ ಹೆಸರು ಮೇರಿಯನ್ ಆಂಡರ್ಸನ್.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ದಾಸ್ಯಪದ್ಧತಿಯು ೧೮೬೫ರಲ್ಲಿ ರದ್ದಾಯಿತು. ಆದರೆ ೧೮೯೬ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಸೌಕರ್ಯಗಳು ಸಮಾನವಾಗಿದ್ದರೆ ಬಿಳಿಯರಿಗೆ ಬೇರೆ, ಕಪ್ಪುಜನರಿಗೆ ಬೇರೆ ಎಂದು ವಿಂಗಡಿಸಬಹುದೆಂದು ತೀರ್ಪು ಕೊಟ್ಟಿತು. ಬೇರೆತನವು ಸಾಂಗವಾಗಿ ನಡೆಯಿತು. ಸಮಾನತೆಯು ಕಾಗದದ ಮೇಲೆಯೇ ಉಳಿಯಿತು. ರೈಲಿನ ಡಬ್ಬಿ, ಕುಡಿಯುವ ನೀರಿನ ನಲ್ಲಿ, ಪಾಠಶಾಲೆ, ಆಸ್ಪತ್ರೆ, ನಾಟಕಶಾಲೆ, ಕೊನೆಗೆ ಶ್ಮಶಾನ, ಎಲ್ಲೆಲ್ಲಿಯೂ ಗೆರೆ. ಪಂಕ್ತಿಭೇದವೆಂದರೇನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಸಂಗೀತದಲ್ಲಿಯೂ ಅದೇ ಭೇದವಿದ್ದಿತು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಅಣಕಿಸಿ ಕುಣಿಯುವ ಆಟಗಳು ಊರೂರುಗಳಲ್ಲಿ ಜನಪ್ರಿಯವಾಗಿದ್ದವು. ಅಂಥ ವಿನೋದಕ್ಕೆ ಕಪ್ಪುಜನರೂ ಸಲ್ಲುತ್ತಿದ್ದರು. ಷೂಬರ್ಟ್, ಹ್ಯಾಂಡೆಲ್, ಬ್ರಾಹ್ಮ್ಸ್ ಮೊದಲಾದ ವಾಗ್ಗೇಯಕಾರರ ಶಾಸ್ತ್ರೀಯ ಸಂಗೀತವಾದರೋ ಬಿಳಿಯರ ಪಿತ್ರಾರ್ಜಿತವೆಂದೂ, ಅದರ ಅಧಿಕಾರವು ಇತರರಿಗೆ ಇಲ್ಲವೆಂದೂ ಭಾವನೆ.

ಈ ಭಾವನೆಯನ್ನು ಅಲುಗಾಡಿಸಿದವರಲ್ಲಿ ಆಂಡರ್ಸನ್ನಳು ಮೊದಲಿಗಳಲ್ಲ. ದಾಸ್ಯವಿಮುಕ್ತರ ವಿದ್ಯಾಭ್ಯಾಸಕ್ಕಾಗಿ ನ್ಯಾಷ್‌ವಿಲ್ ಪಟ್ಟಣದಲ್ಲಿ ಸ್ಥಾಪಿತವಾಗಿದ್ದ ಫಿಸ್ಕ್ ವಿದ್ಯಾಶಾಲೆಯು ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, ಅಲ್ಲಿಯ ಒಂಬತ್ತು ಮಂದಿ ವಿದ್ಯಾರ್ಥಿಗಳು ೧೮೭೧ನೆಯ ಅಕ್ಟೋಬರ್ ೬ರಂದು ಹಾಡಿ ಹಣ ತರಲು ಹೊರಟರು. ಹೆಚ್ಚಿನವರು ದಾಸ್ಯದಲ್ಲಿ ಹುಟ್ಟಿದವರು. ಹೊಲಗಳಲ್ಲಿ ದುಡಿಯುತ್ತಿದ್ದ ತಮ್ಮ ತಾಯಿತಂದೆಗಳ ಭಕ್ತಿಗೀತಗಳನ್ನು ಅವರು ಕಚೇರಿಯ ವೇದಿಕೆಗೆ ತಂದರು. ಇಂಗ್ಲೆಂಡಿಗೆ ಹೋಗಿ ೧೮೭೩ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಅವರು ಸಂಪಾದಿಸಿದ ಹಣದಿಂದ ಕಟ್ಟಿದ ಜೂಬಿಲಿ ಹಾಲ್ ಎಂಬ ಕಟ್ಟಡವು ಇಂದಿಗೂ ನಿಂತಿದೆ. ತರುವಾಯ ರೋಲೆಂಡ್ ಹೇಯ್ಸ್ ಎಂಬ ಗಾಯಕನು, ದಾಸ್ಯದಲ್ಲಿದ್ದವರ ಮಗನು, ೧೯೧೭ರಲ್ಲಿ ಬಾಸ್ಟನ್ ನಗರದ ಪ್ರಸಿದ್ಧ ಸಂಗೀತಮಂದಿರವನ್ನು ತಾನೇ ಬಾಡಿಗೆಗೆ ಹಿಡಿದು ಕಚೇರಿ ಮಾಡಿದನು. ೧೯೨೪ರಲ್ಲಿ ಅವನು ಬರ್ಲಿನ್ನಿನ ವೇದಿಕೆಗೆ ಬಂದಾಗ ಸಭಿಕರು ಬುಸುಗುಟ್ಟಿ ಗಲಭೆಯೆಬ್ಬಿಸಿದರು. ಅವನು ಉತ್ತರ ಕೊಡಲಿಲ್ಲ, ಒಳಗೂ ಹೋಗಲಿಲ್ಲ. ಗದ್ದಲವು ತಾನಾಗಿ ತಗ್ಗುವವರೆಗೆ ನಿಂತಿದ್ದು, ಷೂಬರ್ಟನ ಅತ್ಯಂತ ಮೃದುವಾದ ಒಂದು ಕೀರ್ತನೆಯನ್ನು, ಪಿಸುಮಾತಿಗಿಂತ ಕೊಂಚವೇ ಮೇಲಾದ ಧ್ವನಿಯಲ್ಲಿ, ಅವರದೇ ಜರ್ಮನ್ ಭಾಷೆಯಲ್ಲಿ ಎತ್ತಿಕೊಂಡನು. ಆ ಮೇಲೆ ಸಭೆಯಲ್ಲಿ ಗದ್ದಲವಿರಲಿಲ್ಲ.

ಆಂಡರ್ಸನ್ನಳು ೧೮೯೭ನೆಯ ಫೆಬ್ರವರಿ ೨೭ರಂದು ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದಳು. ತಂದೆಯು ಮಂಜುಗಡ್ಡೆ, ಕಲ್ಲಿದ್ದಲುಗಳನ್ನು ಮಾರುತ್ತಿದ್ದವನು. ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ಅಕಾಲದಲ್ಲಿ ತೀರಿಕೊಂಡನು. ತಾಯಿಯು ವರ್ಜೀನಿಯಾದಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಫಿಲಡೆಲ್ಫಿಯಾದಲ್ಲಿ ಆ ಕೆಲಸವು ದೊರೆಯದೆ ಪರರ ಬಟ್ಟೆ ಒಗೆದು, ಅಂಗಡಿಯ ನೆಲ ಸಾರಿಸಿ ಮಕ್ಕಳನ್ನು ಸಾಕಿದಳು. ಹುಡುಗಿಯು ಆರು ವರ್ಷದಿಂದಲೇ ದೇವಾಲಯದ ಭಜನಮಂಡಲಿಯಲ್ಲಿ ಹಾಡತೊಡಗಿದ್ದಳು. ಅವಳ ಶಿಕ್ಷಣಕ್ಕೆ ಬೇಕಾದ ಹಣವನ್ನು ಆ ದೇವಾಲಯದ ಬಡಜನರು ಕಾಸುಕಾಸಾಗಿ ಕೂಡಿಸಿದರು. ಹಣವೇನೋ ಕೂಡಿತು, ವಿದ್ಯಾಲಯದ ಬಾಗಿಲು ತೆರೆಯಲಿಲ್ಲ. ಸಂಗೀತ ಶಾಲೆಯೊಂದಕ್ಕೆ ಸೇರಲು ಹೋಗಿ ಸಾಲಿನಲ್ಲಿ ನಿಂತಾಗ, ಅರ್ಜಿ ಕೊಡುತ್ತಿದ್ದ ಹುಡುಗಿಯು ಅವಳ ಹಿಂದೆ ಬಂದವರನ್ನೆಲ್ಲ ವಿಚಾರಿಸಿ ಕಳುಹಿಸಿ, ಎಲ್ಲರೂ ಹೋದ ಮೇಲೆ, ಬಣ್ಣದವರನ್ನು ಇಲ್ಲಿ ಸೇರಿಸಿಕೊಳ್ಳುವುದಿಲ್ಲವೆಂದಳು. ಗಾನರಸವನ್ನು ಶಿಶುವೂ ಪಶುವೂ ಸರ್ಪವೂ ಅರಿಯುವುದೆಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಶಾಲೆಯ ಗುಮಾಸ್ತೆಯನ್ನು ಆ ಪಟ್ಟಿಯಲ್ಲಿ ಸೇರಿಸದಿರುವುದು ಅವರ ದೂರದೃಷ್ಟಿಯೇ ಸರಿ.

ಆಕೆಯ ಕಂಠವು ಸ್ತ್ರೀಕಂಠಗಳಲ್ಲಿ ಅತ್ಯಂತ ಮಂದ್ರವೆನಿಸಿದ, ಕಾಂಟ್ರಾಲ್ಟೋ ಎಂಬ ಜಾತಿಯದು, ಗಂಭೀರವಾದರೂ ಭಾರವಿಲ್ಲದ್ದು. ಖಾಸಗಿಯಾಗಿ ಗುರುಗಳನ್ನು ಆಶ್ರಯಿಸಿ ಕಲಿತಳು. ತನ್ನ ದೇಶದಲ್ಲಿ ಮಾರ್ಗ ಕಾಣದೆ ೧೯೩೦ರಲ್ಲಿ ಒಂದು ವಿದ್ಯಾರ್ಥಿವೇತನದ ನೆರವಿನಿಂದ ಯೂರೋಪಿಗೆ ಹೋದಳು. ಅಲ್ಲಿಂದ ಮುಂದೆ ಅವಳ ಕೀರ್ತಿಯು ಕಾಳ್ಗಿಚ್ಚಿನಂತೆ ಹಬ್ಬಿತು. ಫಿನ್ಲೆಂಡಿನ ಮಹಾ ವಾಗ್ಗೇಯಕಾರ ಸಿಬೇಲಿಯಸನು ತನ್ನ ಒಂದು ಕೃತಿಯನ್ನು ಅವಳಿಗೆ ಅರ್ಪಿಸಿದನು. ೧೯೩೫ರಲ್ಲಿ ಸಾಲ್ಸ್‌ಬರ್ಗ್ ನಗರದಲ್ಲಿ ಅವಳನ್ನು ಕೇಳಿದ ಟೋಸ್ಕನೀನಿಯು, ಇಂಥ ಕಂಠವು ನೂರು ವರ್ಷಕ್ಕೊಮ್ಮೆ ಮಾತ್ರ ಕೇಳಬರುವುದೆಂದನು. ಆ ವರ್ಷದ ಡಿಸೆಂಬರ್ ೩೦ರಂದು ನ್ಯೂಯಾರ್ಕಿನಲ್ಲಿ, ಹಡಗಿನಲ್ಲಿ ಮುರಿದ ಕಾಲಿಗೆ ಹಾಕಿದ್ದ ಕಟ್ಟನ್ನು ಉದ್ದನೆಯ ಉಡುಪಿನಲ್ಲಿ ಮರೆಮಾಡಿಕೊಂಡು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತು ಹಾಡಿದಳು. ಸ್ವದೇಶವೂ ತಲೆದೂಗಿತು. ಆದರೆ ತಲೆದೂಗಿದ ಊರಿನಲ್ಲಿ ಮಲಗಲು ಕೊಠಡಿ ಸಿಕ್ಕುತ್ತಿರಲಿಲ್ಲ! ೧೯೩೭ರಲ್ಲಿ ಪ್ರಿನ್ಸ್‌ಟನ್ನಿನ ಕಚೇರಿಗೆ ಹೋದಾಗ ವಸತಿಗೃಹದವರು ಕೊಠಡಿ ಕೊಡಲಿಲ್ಲ. ವಿಜ್ಞಾನಿ ಐನ್‌ಸ್ಟೈನನು ಅವಳನ್ನು ತನ್ನ ಮನೆಗೆ ಕರೆದುಕೊಂಡನು. ಹಿಟ್ಲರನ ಜರ್ಮನಿಯಿಂದ ನಿರ್ವಾಸಿತನಾದವನಿಗೆ ಬಾಗಿಲು ಮುಚ್ಚುವ ಶಬ್ದವು ಚೆನ್ನಾಗಿ ತಿಳಿದಿದ್ದಿತು.

ಇನ್ನು ೧೯೩೯ರ ಪ್ರಕರಣ. ರಾಜಧಾನಿಯಾದ ವಾಷಿಂಗ್‌ಟನ್ನಿನಲ್ಲಿ ಕಪ್ಪುಜನರ ಉಚ್ಚಶಿಕ್ಷಣಕ್ಕೆ ಕೇಂದ್ರವಾಗಿದ್ದ ಹೋವರ್ಡ್ ವಿಶ್ವವಿದ್ಯಾನಿಲಯದವರು ಆಂಡರ್ಸನ್ನಳ ಕಚೇರಿಯನ್ನು ವರ್ಷವರ್ಷವೂ ಏರ್ಪಡಿಸುತ್ತಿದ್ದರು. ಜನಸಂದಣಿಯು ವರ್ಷೇ ವರ್ಷೇ ಹೆಚ್ಚಿ, ಊರಿನಲ್ಲಿ ಅದಕ್ಕೆ ಸಾಕಾಗುವ ಮಂಟಪವು ಒಂದೇ ಉಳಿಯಿತು. ಅದು ಸುಮಾರು ೪,೦೦೦ ಜನರು ಹಿಡಿಯುವ ಕಾನ್‌ಸ್ಟಿಟ್ಯೂಷನ್ ಹಾಲ್, ಎಂದರೆ ರಾಜ್ಯಾಂಗ ಭವನ. ಅದರ ಒಡೆತನವು ‘ಅಮೆರಿಕದ ಕ್ರಾಂತಿಯ ಪುತ್ರಿಯರು’ ಎಂಬ ಮಹಿಳಾಸಂಘಕ್ಕೆ ಸೇರಿದುದು. ಇಂಗ್ಲಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ವಂಶಜೆಯರಿಗೆ ಮಾತ್ರ ಅದರಲ್ಲಿ ಸದಸ್ಯತ್ವ. ಭವನವನ್ನು ಬಾಡಿಗೆಗೆ ಕೊಡುವ ಕರಾರಿನಲ್ಲಿ, ವೇದಿಕೆಯು ಬಿಳಿಯ ಕಲಾವಿದರಿಗೆ ಮಾತ್ರವೆಂಬ ಒಂದು ಕಲಮು ೧೯೩೨ರಿಂದ ಸೇರಿದ್ದಿತು. ಹೋವರ್ಡಿನವರ ಅರ್ಜಿಗೆ ಇಲ್ಲವೆಂಬ ಉತ್ತರ ಬಂದಿತು. ಸ್ವಾತಂತ್ರ್ಯಯೋಧರ ಕುಲದ ಹೆಸರು, ರಾಜ್ಯಾಂಗದ ಹೆಸರು, ಕರಾರಿನಲ್ಲಿ ಈ ಕಲಮು, ಮೂರೂ ಒಂದೇ ಛಾವಣಿಯ ಕೆಳಗೆ ಸುಖವಾಗಿದ್ದವು.

ವಿಶ್ವವಿದ್ಯಾನಿಲಯದವರು ಬಿಳಿಯ ಮಕ್ಕಳ ಸೆಂಟ್ರಲ್ ಹೈಸ್ಕೂಲಿನ ಸಭಾಂಗಣವನ್ನು ಕೇಳಿದರು. ನಗರದ ಶಿಕ್ಷಣಮಂಡಲಿಯು ಮೊದಲು ನಿರಾಕರಿಸಿತು. ತರುವಾಯ, ಇದು ಮುಂದಕ್ಕೆ ಮೇಲ್ಪಂಕ್ತಿಯಾಗಕೂಡದೆಂಬ ನಿಬಂಧನೆಯನ್ನು ಹಾಕಿ ಕೊಡಲು ಒಪ್ಪಿತು. ಆ ನಿಬಂಧನೆಯ ಮೇಲೆ ಕಚೇರಿ ನಡೆಯಲಿಲ್ಲ. ಉಪಾಧ್ಯಾಯವೃತ್ತಿಯಲ್ಲಿ ಬಾಳನ್ನು ಸವೆಸಿದ ನನಗೆ ಭವನದ ಒಡತಿಯರ ನಿರಾಕರಣೆಗಿಂತ ಈ ಮಂಡಲಿಯ ಒಪ್ಪಿಗೆಯೇ ಹೆಚ್ಚು ವಿಷಾದಕರವಾಗಿ ತೋರುತ್ತದೆ. ಹಲಗೆಯ ಮೇಲ್ಭಾಗದಲ್ಲಿ ಒಂದು ಮೇಲ್ಪಂಕ್ತಿಯನ್ನು ಬರೆದುಕೊಟ್ಟು, ಹೀಗೆ ತಿದ್ದು ಮಗು ಎನ್ನುವುದೇ ಶಾಲೆಯ ಕಸುಬು. ಒಂದು ಒಳ್ಳೆಯ ಕಾರ್ಯವನ್ನು ಮಾಡುವೆವು, ಆದರೆ ಯಾರೂ ಇದನ್ನು ನೋಡಿ ತಿದ್ದಕೂಡದು ಎಂದು ಒಂದು ಶಿಕ್ಷಣಮಂಡಲಿಯೇ ಬರೆದುಕೊಟ್ಟರೆ ಮಕ್ಕಳಿಗೆ ಕಲಿಸುವುದಾದರೂ ಏನನ್ನು?

ಆಗ ಅಧ್ಯಕ್ಷನ ಪತ್ನಿಯಾಗಿದ್ದ ಶ್ರೀಮತಿ ಎಲಿನಾರ್ ರೂಸ್‌ವೆಲ್ಟರು ಆ ಪುತ್ರಿಯರ ಸಂಘದ ಸದಸ್ಯೆಯಾಗಿದ್ದರು. ೧೯೩೯ನೆಯ ಫೆಬ್ರವರಿ ಮಾಸಾಂತ್ಯದಲ್ಲಿ ಅವರು ಸದಸ್ಯತ್ವಕ್ಕೆ ರಾಜೀನಾಮೆಯಿತ್ತು, ತಾವು ಪತ್ರಿಕೆಗಳಿಗೆ ದಿನವೂ ಬರೆಯುತ್ತಿದ್ದ ಅಂಕಣದಲ್ಲಿ ಆ ಸಂಗತಿಯನ್ನು ಸೂಚಿಸಿದರು. ಸಂಘದ ಹೆಸರನ್ನಾಗಲಿ ಗಾಯಕಿಯ ಹೆಸರನ್ನಾಗಲಿ ಎತ್ತಲಿಲ್ಲ, ಓದಿದವರಿಗೆಲ್ಲ ಅರ್ಥವಾಯಿತು. ಇಷ್ಟರಲ್ಲಿ, ಕಪ್ಪುಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ರಾಷ್ಟ್ರೀಯ ಸಂಘದ ವಾಲ್ಟರ್ ವೈಟ್, ಗಾಯಕಿಯ ವ್ಯವಸ್ಥಾಪಕನಾದ ಸೋಲ್ ಹುರಾಕ್ ಮೊದಲಾದವರು ಸೇರಿ, ಛಾವಣಿಯೇ ಬೇಡ, ಬಯಲಿನಲ್ಲಿಯೇ ಕಚೇರಿಯಾಗಲಿ ಎಂದು ನಿಶ್ಚಯಿಸಿದರು. ದಾಸ್ಯವಿಮೋಚನೆಯ ಘೋಷಣೆಯನ್ನು ಹೊರಡಿಸಿದ ಲಿಂಕನ್ನನ ಸ್ಮಾರಕಮಂದಿರದ ಮೆಟ್ಟಿಲುಗಳೇ ವೇದಿಕೆಯೆಂದಾಯಿತು. ಮಂದಿರವು ಸರ್ಕಾರದ ಒಳನಾಡು ಇಲಾಖೆಗೆ ಸೇರಿದುದು. ಆ ಇಲಾಖೆಯ ಸಚಿವನಾದ ಹೆರಾಲ್ಡ್ ಇಕಿಸನು ಅಧ್ಯಕ್ಷನ ಒಪ್ಪಿಗೆಯನ್ನು ಪಡೆದುಕೊಟ್ಟನು. ಈ ಮಂದಿರದ ಚರಿತ್ರೆಯೂ ನಿಷ್ಕಳಂಕವಾದುದಲ್ಲ. ೧೯೨೨ರಲ್ಲಿ ಅದರ ಪ್ರತಿಷ್ಠೆಯಾದಾಗ ಬಂದಿದ್ದ ಕಪ್ಪುಜನರನ್ನು ಬೇರೆಯಾಗಿ ಒಂದು ಕಡೆ ಕೂಡಿಸಿದ್ದರು. ಲಿಂಕನ್ನನ ಕಲ್ಲಿನ ಕಣ್ಣುಗಳು ಮೊದಲ ದಿನವೇ ಆ ಗೆರೆಯನ್ನು ನೋಡಬೇಕಾಯಿತು.

ಕಚೇರಿಯ ಹಿಂದಿನ ರಾತ್ರಿ ಆಂಡರ್ಸನ್ನಳು ಹುರಾಕನಿಗೆ ದೂರವಾಣಿಯಲ್ಲಿ, ನಾನು ಇದನ್ನು ಮಾಡಲೇಬೇಕೆ ಎಂದು ಕೇಳಿದಳಂತೆ. ಆಕೆಯು ಸ್ವಭಾವದಿಂದ ಹೋರಾಟಗಾರ್ತಿಯಲ್ಲ, ಮಿತಭಾಷಿಣಿ, ಸಂಕೋಚದವಳು. ಹಾಡುವುದೊಂದನ್ನೇ ಬಯಸಿದವಳನ್ನು ಒಂದು ಕರಾರಿನ ಕಲಮು ತಂದು ರಾಷ್ಟ್ರದ ನಡುವೆ ನಿಲ್ಲಿಸಿತ್ತು. ವಾಷಿಂಗ್‌ಟನ್ನಿನ ವಸತಿಗೃಹಗಳಲ್ಲಿ ಆ ದಿನವೂ ಅವಳಿಗೆ ಕೊಠಡಿಯಿರಲಿಲ್ಲ. ಪೆನ್ಸಿಲ್ವೇನಿಯಾ ಪ್ರಾಂತದ ಗವರ್ನರನಾಗಿದ್ದ ಗಿಫರ್ಡ್ ಪಿಂಚಾಟನ ಮನೆಯಲ್ಲಿ ತಾಯಿ, ಸೋದರಿಯರೊಡನೆ ಇಳಿದುಕೊಂಡಳು.

೧೯೩೯ನೆಯ ಏಪ್ರಿಲ್ ೯, ಈಸ್ಟರ್ ಭಾನುವಾರ, ಸಂಜೆ ಐದು ಗಂಟೆ. ಚಳಿಯಿದ್ದಿತು, ಗಾಯಕಿಯು ತುಪ್ಪುಳಿನ ಮೇಲಂಗಿಯನ್ನು ತೊಟ್ಟಿದ್ದಳು. ಕೆಳಗೆ ಸರೋವರದ ಎರಡು ದಡಗಳಲ್ಲಿಯೂ, ವಾಷಿಂಗ್‌ಟನ್ನನ ಸ್ಮಾರಕಸ್ತಂಭದ ಕಡೆಗೆ ಕಣ್ಣು ಹರಿಯುವಷ್ಟು ದೂರವೂ ಜನ. ೭೫,೦೦೦ ಮಂದಿ ಎಂದು ಲೆಕ್ಕ. ಅವರಲ್ಲಿ ಕಪ್ಪುಜನರೂ ಬಿಳಿಯರೂ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಚೀಟಿಯಿಲ್ಲ, ಸಾಲಿಲ್ಲ, ಗೆರೆಯಿಲ್ಲ. ಇಕಿಸನು, ಪ್ರತಿಭೆಯು ವರ್ಣದ ಗೆರೆಯನ್ನು ಎಳೆಯುವುದಿಲ್ಲವೆಂಬ ಅರ್ಥದ ನಾಲ್ಕು ಮಾತನ್ನಾಡಿ ಪರಿಚಯ ಮಾಡಿಕೊಟ್ಟನು. ಪಿಯಾನೋ ನುಡಿಸಲು ಕುಳಿತವನು ಅವಳೊಡನೆ ಬಹುಕಾಲ ಸಂಚಾರ ಮಾಡಿದ ಫಿನ್ಲೆಂಡಿನ ಕೋಸ್ಟಿ ವೆಹಾನೆನ್.

ಅವಳು ಆರಿಸಿಕೊಂಡ ಕೃತಿಗಳ ಅನುಕ್ರಮವನ್ನು ನಮ್ಮ ವಾಚಕರು ಗಮನಿಸಬೇಕು. ಕಚೇರಿಯ ಪದ್ಧತಿಯನ್ನು ಬಲ್ಲವರಿಗೆ ಅದರಲ್ಲಿ ಸ್ವಾರಸ್ಯವುಂಟು. ಮೊದಲು ಅಮೆರಿಕಾ ದೇಶದ ಸ್ತುತಿಗೀತ. ಅದರಲ್ಲಿ ‘ನಾನು ಹಾಡುವೆನು’ ಎಂಬರ್ಥದ ಏಕವಚನವಿರುವೆಡೆಯಲ್ಲಿ ಅವಳು ಬಹುವಚನವನ್ನು ಪ್ರಯೋಗಿಸಿದಳು. ವ್ಯಾಕರಣದ ಇಷ್ಟು ಸಣ್ಣ ವ್ಯತ್ಯಾಸದಿಂದ ಇಷ್ಟು ದೊಡ್ಡ ಅರ್ಥವು ಹೊರಟ ಉದಾಹರಣೆಯನ್ನು ನಾನು ಪಾಠ ಹೇಳಿದ ಕಾಲದಲ್ಲಿ ತಿಳಿದಿದ್ದರೆ ವಚನಪ್ರಕರಣವನ್ನು ಇದರಿಂದಲೇ ಆರಂಭಿಸುತ್ತಿದ್ದೆನು. ಎರಡನೆಯದು ಇಟಲಿಯ ಡೊನಿಝೆಟಿಯು ರಚಿಸಿದ ‘ಲಾ ಫವೊರೀಟಾ’ ಎಂಬ ಗೀತನಾಟಕದ ಒಂದು ದೀರ್ಘವಾದ ಹಾಡು, ಅಭ್ಯಾಸಬಲವಿಲ್ಲದವರು ಮುಟ್ಟಲಾಗದ್ದು. ಮೂರನೆಯದು ಷೂಬರ್ಟನ ‘ಆವೆ ಮರೀಯಾ’. ಅಲ್ಪ ವಿರಾಮದ ಅನಂತರ ತನ್ನ ಪೂರ್ವಿಕರ, ದಾಸ್ಯದ ಹೊಲಗಳಲ್ಲಿ ಹುಟ್ಟಿದ ಸಂಪ್ರದಾಯದ ಭಕ್ತಿಗೀತಗಳು. ಯೂರೋಪಿನ ಆಚಾರ್ಯರ ಕೃತಿಗಳನ್ನೂ ಹೊಲದಾಳುಗಳ ಹಾಡನ್ನೂ ಒಂದೇ ಮೆಟ್ಟಿಲಿನ ಮೇಲೆ, ಒಂದೇ ಶ್ರದ್ಧೆಯಿಂದ, ಕಣ್ಣು ಮುಚ್ಚಿಕೊಂಡು ಹಾಡಿದಳು. ಭಾಷಣವನ್ನು ಮಾಡಲಿಲ್ಲ. ಜನರು ಬಿಡದೆ ಕರತಾಡನ ಮಾಡಿದಾಗ, ತನಗೆ ಮಾತು ಬಾರದೆಂದೂ ಎಲ್ಲರಿಗೂ ಕೃತಜ್ಞಳೆಂದೂ ಎರಡು ನುಡಿಯನ್ನಾಡಿ, ಮತ್ತೊಂದು ಭಕ್ತಿಗೀತವನ್ನು ಹಾಡಿ ಮುಗಿಸಿದಳು. ಎಲ್ಲವೂ ಸೇರಿ ಅರ್ಧ ಗಂಟೆಗೆ ಹೆಚ್ಚು ಕಡಿಮೆ. ನಮ್ಮಲ್ಲಿ ಒಂದು ರಾಗಾಲಾಪನೆಗೆ ಸಾಲುವ ಹೊತ್ತು!

ರೇಡಿಯೋವಿನ ಮೂಲಕ ಇದನ್ನು ದೇಶವೆಲ್ಲ ಕೇಳಿತು. ರೇಡಿಯೋವಿನಲ್ಲಿ ಚರ್ಮವು ಕಾಣಿಸುವುದಿಲ್ಲ. ದಕ್ಷಿಣದ ಸಂಸ್ಥಾನಗಳಲ್ಲಿ ಕಪ್ಪುಜನರನ್ನು ಮುಂಬಾಗಿಲಿನಿಂದ ಒಳಗೆ ಬಿಡದ ಮನೆಗಳ ನಡುಮನೆಗೂ ಆ ಕಂಠವು ನೇರವಾಗಿ ಹೊಕ್ಕಿತು.

ಇಷ್ಟರಿಂದ ಆದುದೇನೆಂದು ವಿವೇಕಿಗಳಾದ ವಾಚಕರು ಕೇಳಬಹುದು. ಕೇಳತಕ್ಕದ್ದೇ. ಭವನದ ಕರಾರಿನಲ್ಲಿದ್ದ ಕಲಮು ಮರುದಿನವೇ ಅಳಿಸಿಹೋಗಲಿಲ್ಲ. ವಾಷಿಂಗ್‌ಟನ್ನಿನ ಶಾಲೆಗಳಲ್ಲಿ ಬಿಳಿಯ ಮಕ್ಕಳು ಬೇರೆ, ಕಪ್ಪುಮಕ್ಕಳು ಬೇರೆ ಎಂಬ ವಿಂಗಡಣೆಯು ೧೯೫೪ರ ತೀರ್ಪಿನವರೆಗೆ ಇದ್ದಿತು. ಅದನ್ನು ಮುರಿದವರು ನ್ಯಾಯವಾದಿಗಳು ಮತ್ತು ಮಕ್ಕಳ ತಾಯಿತಂದೆಗಳು, ಗಾಯಕಿಯಲ್ಲ. ಕೀರ್ತಿಯು ಕೀರ್ತಿವಂತರನ್ನೂ ಕಾಯಲಿಲ್ಲ. ಬರ್ಲಿನ್ನಿನಲ್ಲಿ ಗೆದ್ದ ರೋಲೆಂಡ್ ಹೇಯ್ಸನ ಪತ್ನಿಯು ೧೯೪೨ರಲ್ಲಿ ಜಾರ್ಜಿಯಾದ ಒಂದು ಪಾದರಕ್ಷೆಯ ಅಂಗಡಿಯಲ್ಲಿ ಬಿಳಿಯರ ಆಸನದಲ್ಲಿ ಕುಳಿತಳೆಂಬ ಕಾರಣದಿಂದ ಜಗಳ ಹುಟ್ಟಿ, ಪೋಲೀಸರು ಆ ಮಹಾಗಾಯಕನನ್ನು ಹೊಡೆದರು.

ಇದಕ್ಕಿಂತ ಆಳವಾದ ಒಂದು ಆಕ್ಷೇಪಣೆಯೂ ಉಂಟು. ನೂರು ವರ್ಷಕ್ಕೊಮ್ಮೆ ಹುಟ್ಟುವ ಕಂಠವುಳ್ಳವಳಿಗೆ ವೇದಿಕೆಯನ್ನು ಬಿಟ್ಟುಕೊಡುವುದು ನ್ಯಾಯವೇ? ಅದು ಗುಣಗ್ರಹಣ ಮಾತ್ರ. ಸ್ವರಜ್ಞಾನವಿಲ್ಲದ ಒಬ್ಬ ಕಪ್ಪುವರ್ಣದ ಬಡಗಿಯು ತನ್ನ ದುಡ್ಡಿನಿಂದ ಚೀಟಿ ಕೊಂಡು, ಹೆಂಡತಿ ಮಕ್ಕಳೊಡನೆ ತನಗೆ ಬೇಕಾದ ಸಾಲಿನಲ್ಲಿ ಕುಳಿತು ಕೇಳಬಹುದಾದರೆ ಅದು ನ್ಯಾಯ. ಮನುಷ್ಯನ ಮರ್ಯಾದೆಗೆ ಪ್ರತಿಭೆಯ ಪರೀಕ್ಷೆಯನ್ನಿಡುವುದೇ ಒಂದು ಅಪಮಾನ. ಹೀಗೆ ನೋಡಿದರೆ ವೇದಿಕೆಗಿಂತ ಆಸನವು ಹಿರಿದು. ಈ ಸಂಗತಿಯನ್ನು ಆಂಡರ್ಸನ್ನಳು ಬಲ್ಲವಳಾಗಿದ್ದಳೆಂಬುದಕ್ಕೆ ಅವಳ ಮುಂದಿನ ಹತ್ತು ಹನ್ನೆರಡು ವರ್ಷಗಳ ನಡತೆಯೇ ಸಾಕ್ಷಿ. ಅದರ ಕಥೆಯು ಲಿಂಕನ್ ಮಂದಿರದ ಕಥೆಯಷ್ಟು ಪ್ರಸಿದ್ಧವಲ್ಲ. ಆದುದರಿಂದಲೇ ಕೊಂಚ ವಿಸ್ತರಿಸುವೆನು.

ದಕ್ಷಿಣದ ಊರುಗಳ ನಾಟಕಶಾಲೆಗಳಲ್ಲಿ ಕಪ್ಪುಜನರಿಗೆ ತೀರ ಮೇಲಿನ ಅಟ್ಟವನ್ನು ಮೀಸಲಿಡುವುದು ರೂಢಿ. ಹತ್ತಲು ಹಿಂಬದಿಯ ಏಣಿಮೆಟ್ಟಲು, ಕುಳಿತುಕೊಳ್ಳಲು ಬೆಂಚು. ತನ್ನ ಕಚೇರಿಗಳಲ್ಲಿ ಹೀಗಾಗಕೂಡದೆಂದು ಆಂಡರ್ಸನ್ನಳು ನಿಬಂಧನೆ ಹಾಕತೊಡಗಿದಳು. ಅವಳು ಬೇಡಿದುದು ಲಂಬವಾದ ವಿಭಾಗವನ್ನು. ಎಂದರೆ, ಅಡ್ಡಗೆರೆಯೆಳೆದು ಮೇಲೆ ಕೆಳಗೆ ಎಂದು ಭಾಗ ಮಾಡುವುದಕ್ಕೆ ಬದಲಾಗಿ, ಮುಂದಿನ ಸಾಲಿನಿಂದ ಅಟ್ಟದವರೆಗೆ ಪ್ರತಿಯೊಂದು ದರ್ಜೆಯಲ್ಲಿಯೂ ಕಪ್ಪುಜನರಿಗೆ ಆಸನಗಳು ದೊರೆಯಬೇಕು. ನಡುವಿನ ಓಣಿಯ ಆ ಪಕ್ಕ ಅವರು, ಈ ಪಕ್ಕ ಇವರು. ವೇದಿಕೆಗೆ ಬಂದೊಡನೆ ಅವಳು ಮೊದಲು ತನ್ನ ಜನರು ಕುಳಿತಿದ್ದ ಕಡೆಗೆ ತಿರುಗಿ ನಮಸ್ಕರಿಸುವಳು, ಅನಂತರ ಉಳಿದವರಿಗೆ. ವ್ಯವಸ್ಥಾಪಕರಿಗೆ ಇದು ದೊಡ್ಡ ಮುಜುಗರ. ಆದರೂ ಒಪ್ಪಿದರು, ಅವಳ ಹೆಸರಿಗೆ ಚೀಟಿಗಳು ಖರ್ಚಾಗುತ್ತಿದ್ದವು.

ರಾಜ್ಯಾಂಗ ಭವನದಲ್ಲಿಯೂ ಅವಳು ಹಾಡಿದಳು. ಯುದ್ಧಕಾಲದಲ್ಲಿ, ೧೯೪೩ನೆಯ ಜನವರಿ ೭ರಂದು, ಚೀನಾದೇಶದ ಸಂಕಷ್ಟನಿವಾರಣೆಗಾಗಿ ಏರ್ಪಟ್ಟ ಕಚೇರಿಯದು. ಸಭಿಕರನ್ನು ವರ್ಣಾನುಸಾರವಾಗಿ ವಿಂಗಡಿಸಕೂಡದೆಂಬುದು ಅವಳ ನಿಬಂಧನೆ, ಅದರಂತೆಯೇ ನಡೆಯಿತು. ಆ ವೇದಿಕೆಯ ಮೇಲೆ ನಿಂತಾಗ ತನಗೆ ಜಯಗರ್ವವೇನೂ ಉಂಟಾಗಲಿಲ್ಲ, ಅದೂ ಒಂದು ಒಳ್ಳೆಯ ಮಂಟಪವೆಂದು ತೋರಿತು ಎಂಬರ್ಥದ ಮಾತನ್ನು ಅವಳು ಆತ್ಮಕಥೆಯಲ್ಲಿ ಬರೆದಿದ್ದಾಳೆ.

ಆದರೆ ಲಂಬವಾದ ಗೆರೆಯೂ ಗೆರೆಯೇ. ೧೯೩೯ರಲ್ಲಿ ಕಪ್ಪುಜನರ ರಾಷ್ಟ್ರೀಯ ಸಂಘವು ತನ್ನ ಅತ್ಯುನ್ನತ ಪದಕವನ್ನು ವರ್ಜೀನಿಯಾದ ರಿಚ್‌ಮಂಡ್ ನಗರದಲ್ಲಿ ಶ್ರೀಮತಿ ರೂಸ್‌ವೆಲ್ಟರ ಹಸ್ತದಿಂದ ಅವಳಿಗೆ ಕೊಡಿಸಿದ್ದಿತು. ಅದೇ ಸಂಘದವರು ೧೯೫೧ರಲ್ಲಿ ಅದೇ ರಿಚ್‌ಮಂಡಿನಲ್ಲಿ, ಆಸನಗಳು ವಿಂಗಡಿತವಾಗಿವೆಯೆಂಬ ಕಾರಣದಿಂದ, ಅವಳ ಕಚೇರಿಯನ್ನು ಬಹಿಷ್ಕರಿಸಿದರು. ತನ್ನವರೇ ಬಾರದ ಸಭೆಯ ಮುಂದೆ ಹಾಡಬೇಕಾದ ಗಾಯಕಿಯ ಸಂಕಟವನ್ನು ಊಹಿಸಬಹುದು. ಯಾರ ಪಕ್ಷವು ಸರಿ? ಅವಳು ತಾನು ಪಡೆಯಬಹುದಾದಷ್ಟನ್ನು ಪಡೆಯುತ್ತ ಬಂದವಳು. ಅವರಿಗೆ ಪೂರ್ತಿಯೇ ಬೇಕು. ನನ್ನ ಅಭಿಪ್ರಾಯದಲ್ಲಿ ಬಹಿಷ್ಕಾರ ಮಾಡಿದವರು ನಿಷ್ಠುರರಾದರೂ ಅವರ ಪಕ್ಷವೇ ನ್ಯಾಯವಾದುದು. ಅವಳೂ ಹಾಗೆಯೇ ಎಣಿಸಿರಬೇಕು. ಆ ಕಾಲದಿಂದಾಚೆಗೆ, ಸಭಿಕರನ್ನು ಯಾವ ರೀತಿಯಿಂದ ವಿಂಗಡಿಸಿದರೂ ತಾನು ಹಾಡುವುದಿಲ್ಲವೆಂದು ನಿಶ್ಚಯಿಸಿಬಿಟ್ಟಳು. ಇದರಿಂದ ಕೆಲವು ಊರುಗಳು ಅವಳ ಪಾಲಿಗೆ ತಪ್ಪಿದವು. ಕೆಲವು ಊರುಗಳಲ್ಲಿ ಮೊಟ್ಟಮೊದಲ ಬಾರಿಗೆ ಎರಡು ವರ್ಣದವರು ಪಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತರು. ಪಕ್ಕದ ಕುರ್ಚಿಯವನ ಉಸಿರು ಕೇಳಿಸುವಷ್ಟು ಮೌನದಲ್ಲಿ ಎರಡು ಗಂಟೆ ಕುಳಿತಿರುವುದು ಶಾಸನಸಭೆಯ ಚರ್ಚೆಯಿಂದ ಆಗದ ಒಂದು ಪರಿಚಯ.

ವ್ಯಸನದ ಸಂಗತಿಯೊಂದನ್ನು ಇಲ್ಲಿ ಹೇಳದೆ ಇರಲಾರೆನು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾ ಎಂಬ ಗೀತನಾಟಕಶಾ‌ಲೆಯು ಅಮೆರಿಕಾದ ಗಾಯಕರಿಗೆ ಶಿಖರಪ್ರಾಯವಾದುದು. ಅದರ ರಂಗದ ಮೇಲೆ ಕಪ್ಪುವರ್ಣದ ಗಾಯಕರು ಪಾತ್ರ ವಹಿಸಿ ಹಾಡಿದುದು ೧೯೫೫ರವರೆಗೆ ಇಲ್ಲವೇ ಇಲ್ಲ. ಆ ವರ್ಷದ ಜನವರಿ ೭ರಂದು ವೆರ್ಡಿಯ ಗೀತನಾಟಕವೊಂದರಲ್ಲಿ ಭವಿಷ್ಯ ಹೇಳುವ ಉಲ್ರಿಕಾ ಎಂಬವಳ ಪಾತ್ರದಲ್ಲಿ ಆಂಡರ್ಸನ್ನಳು ಬಂದಳು. ತೆರೆಯೆದ್ದು ಅವಳು ಕಾಣಿಸಿಕೊಂಡೊಡನೆ, ಒಂದು ಸ್ವರವನ್ನೂ ಹಾಡುವ ಮೊದಲೇ, ಸಭೆಯು ಕರತಾಡನದಿಂದ ತುಂಬಿಹೋಯಿತು. ಆಗ ಆಕೆಗೆ ೫೭ ವರ್ಷ. ಕಂಠಕ್ಕೂ ಆಯುಸ್ಸುಂಟು, ಟೋಸ್ಕನೀನಿಯು ಕೇಳಿದ ಕಂಠವು ಆ ರಾತ್ರಿ ರಂಗದ ಮೇಲಿರಲಿಲ್ಲ. ಯೌವನದಲ್ಲಿ ಆ ರಂಗವನ್ನೇರಿದ್ದರೆ ಅವಳು ಹಾಡಬಹುದಾಗಿದ್ದ ಪಾತ್ರಗಳೆಷ್ಟೋ! ಅವು ಅವಳಿಗೆ ಮಾತ್ರ ನಷ್ಟವಾದುವಲ್ಲ. ಮುನ್ನೂರು ನಾನೂರು ರಾತ್ರಿಗಳ ಗಾನವನ್ನು ಆ ಬಿಳಿಯ ರಸಿಕರು ತಮ್ಮ ಕೈಯಿಂದಲೇ ತಮ್ಮ ಕಿವಿಗಳಿಗೆ ತಪ್ಪಿಸಿಕೊಂಡರು. ಆರು ವರ್ಷಗಳ ಮೇಲೆ, ೧೯೬೧ರಲ್ಲಿ, ಅದೇ ರಂಗದಲ್ಲಿ ಲಿಯಂಟೀನ್ ಪ್ರೈಸ್ ಎಂಬ ಕಪ್ಪುವರ್ಣದ ಗಾಯಕಿಯು ಮೊದಲ ಬಾರಿಗೆ ಹಾಡಿದಾಗ ಆಕೆಯ ವಯಸ್ಸು ೩೩. ಹಿರಿಯಳು ತೆರೆದ ಬಾಗಿಲಿನಿಂದ ಕಿರಿಯಳು ಹೊತ್ತಿಗೆ ಸರಿಯಾಗಿ ಒಳಗೆ ಬಂದಳು.

ಭಾರತಕ್ಕೂ ಈ ವೃತ್ತಾಂತಕ್ಕೂ ಸಂಬಂಧವಿಲ್ಲದಿಲ್ಲ. ೧೯೩೬ನೆಯ ಫೆಬ್ರವರಿಯಲ್ಲಿ, ಮೇಲೆ ಹೇಳಿದ ಹೋವರ್ಡ್ ವಿಶ್ವವಿದ್ಯಾನಿಲಯದ ಹೋವರ್ಡ್ ಥರ್ಮನ್ ಎಂಬ ಧರ್ಮಬೋಧಕನು ಪತ್ನೀಸಮೇತನಾಗಿ ಬಾರ್ಡೋಲಿಯಲ್ಲಿ ಗಾಂಧಿಯವರನ್ನು ಕಂಡನು. ಗಾಂಧಿಯವರು ಅವರ ಜನರ ಸ್ಥಿತಿಗತಿಗಳನ್ನೆಲ್ಲ ಕೆದಕಿ ಕೇಳಿ, ಕೊನೆಗೆ ಕ್ರಿಸ್ತನ ಶಿಲುಬಾರೋಹಣವನ್ನು ಕುರಿತ ಅವರ ಭಕ್ತಿಗೀತವೊಂದನ್ನು ಹಾಡಬೇಕೆಂದು ಬೇಡಿದರು. ಆ ಸಾಧ್ವಿಯು ಹಾಡಿದಳು. ಆಂಡರ್ಸನ್ನಳು ಲಿಂಕನ್ನನ ಮುಂದೆ ಹಾಡಿದುದೂ ಆ ಸಂಪ್ರದಾಯದ ಗೀತಗಳನ್ನೇ. ೧೯೫೭ರಲ್ಲಿ ಅವಳು ಸರ್ಕಾರದ ಪರವಾಗಿ ಏಷ್ಯಾದಲ್ಲಿ ಸಂಚರಿಸುತ್ತ ದೆಹಲಿಗೆ ಬಂದಾಗ, ಗಾಂಧೀ ಸ್ಮಾರಕದ ಬಳಿ ಗಾಂಧಿಯವರಿಗೆ ಬಲು ಪ್ರಿಯವಾಗಿದ್ದ ನ್ಯೂಮನ್ನನ ಪ್ರಾರ್ಥನೆಯನ್ನು ಹಾಡಿದಳು. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಗ್ರಂಥದಲ್ಲಿ ಕನ್ನಡಿಸಿ ಕೊಟ್ಟಿರುವ, ಬೆಳಕನ್ನು ಕರುಣಾಳುವೆಂದು ಕರೆಯುವ ಪ್ರಾರ್ಥನೆಯೇ ಅದು. ನಮ್ಮ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಅದನ್ನು ಹಾಡಿ ಬೆಳೆದ ಮಕ್ಕಳಲ್ಲಿ ಹಲವರಿಗೆ ಅದು ಪರಭಾಷೆಯಿಂದ ಬಂದುದೆಂಬ ನೆನಪೂ ಇರಲಾರದು. ಆ ಪ್ರವಾಸದ ಚಲಚ್ಚಿತ್ರವನ್ನು ಅದೇ ವರ್ಷ ಅಮೆರಿಕಾದ ಜನರು ದೂರದರ್ಶನದಲ್ಲಿ ನೋಡಿದರು.

ಮೆಟ್ಟಿಲುಗಳ ಮಾತನ್ನು ಪೂರೈಸಬೇಕು. ೧೯೪೪ರಲ್ಲಿ ಜಾರ್ಜಿಯಾ ಪ್ರಾಂತದ ಭಾಷಣಸ್ಪರ್ಧೆಯೊಂದರಲ್ಲಿ ಹದಿನೈದು ವರ್ಷದ ಹುಡುಗನೊಬ್ಬನು, ಆಂಡರ್ಸನ್ನಳು ಲಿಂಕನ್ನನ ಮುಂದೆ ಹಾಡಿದುದನ್ನು ದೃಷ್ಟಾಂತವಾಗಿ ಎತ್ತಿಕೊಂಡು ಮಾತನಾಡಿದನು. ಅವನ ಹೆಸರು ಮಾರ್ಟಿನ್ ಲೂಥರ್ ಕಿಂಗ್. ೧೯೬೩ನೆಯ ಆಗಸ್ಟ್ ೨೮ರಂದು ಅವನು ಅದೇ ಮೆಟ್ಟಿಲುಗಳ ಮೇಲೆ ನಿಂತು ಜಗತ್ಪ್ರಸಿದ್ಧವಾದ ತನ್ನ ಭಾಷಣವನ್ನು ಮಾಡಿದ ದಿನ ಆಂಡರ್ಸನ್ನಳೂ ಅಲ್ಲಿದ್ದಳು. ರಾಷ್ಟ್ರಗೀತೆಯನ್ನು ಹಾಡಬೇಕಾಗಿದ್ದವಳು ಅವಳೇ. ಆದರೆ ಎರಡು ಲಕ್ಷಕ್ಕೆ ಮೀರಿದ ಆ ಸಂದಣಿಯಲ್ಲಿ ವೇದಿಕೆಯನ್ನು ಸಮಯಕ್ಕೆ ಸೇರಲಾಗದೆ, ಬೇರೊಬ್ಬ ಗಾಯಕಿಯು ಅದನ್ನು ಹಾಡಿದಳು. ಆಂಡರ್ಸನ್ನಳು ತಡವಾಗಿ ಬಂದು ಒಂದು ಭಕ್ತಿಗೀತವನ್ನು ಹಾಡಿದಳು.

ಮರುವರ್ಷ ಅವಳು ತನ್ನ ವಿದಾಯದ ಸಂಚಾರವನ್ನು ಕೈಗೊಂಡಳು. ಮೊದಲ ಕಚೇರಿಗೆ ಆರಿಸಿದ ಸ್ಥಳ, ವಾಷಿಂಗ್‌ಟನ್ನಿನ ರಾಜ್ಯಾಂಗ ಭವನ; ದಿನ, ೧೯೬೪ನೆಯ ಅಕ್ಟೋಬರ್ ೨೪. ಕೊನೆಯದು ೧೯೬೫ನೆಯ ಏಪ್ರಿಲ್ ೧೮ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ನಡೆಯಿತು. ಅದೂ ಈಸ್ಟರ್ ಭಾನುವಾರವೇ.